ಮಾವನ ಕಾಲಂನಲ್ಲಿ ಅಮ್ಮ

ಪುತ್ತೂರಿನಲ್ಲಿ ಒಬ್ಬರು ಆಡಿಟರರ ಆಫೀಸಿನಲ್ಲಿ ಕೂತು ಊರವರ ಆದಾಯ ತೆರಿಗೆ ರಿಟರ್ನ್ ತುಂಬಿಸುವುದು ನನ್ನ ಕೆಲಸ. ಜುಲೈ ಬಂತೆಂದರೆ ನನ್ನ ಎದುರಿನ ಕುರ್ಚಿ ತಣ್ಣಗಾಗುವುದಿಲ್ಲ. ಐವರ್ನಾಡಿನ ಕಡೆಯವರೊಬ್ಬರು ಪ್ರತಿವರ್ಷ ಬಂದು, "ಅಡಿಕೆಗೆ ಟ್ಯಾಕ್ಸ್ ಇಲ್ಲ ಅಂತ ನೀವೇ ಹೇಳಿದ್ದು. ಮತ್ತೆ ಬ್ಯಾಂಕಿನವರು ಹಿಡಿದದ್ದು ಎಂತಕ್ಕೆ?" ಎಂದು ಜೋರು ಮಾಡುತ್ತಾರೆ. ಅಡಿಕೆಗೆ ಇಲ್ಲ ಮಾರಾಯ್ರೆ, ಅಡಿಕೆ ಮಾರಿದ ದುಡ್ಡನ್ನು ಡಿಪಾಸಿಟ್ ಇಟ್ಟಿದ್ದೀರಲ್ಲ, ಆ ಬಡ್ಡಿಗೆ ಉಂಟು. ಇದನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಿಯೇನು. ನನಗೆ ಕೋಪ ಮೂಗಿನ ತುದಿಯಲ್ಲಿ. ಎರಡನೇ ಸಲ ಕೇಳಿದರೆ ದನಿ ಏರುತ್ತದೆ, ಮೂರನೇ ಸಲಕ್ಕೆ ಪೆನ್ನು ಮೇಜಿನ ಮೇಲೆ ಬೀಳುತ್ತದೆ.

ಊರಿಗೆಲ್ಲ ಬುದ್ಧಿ ಹೇಳುವ ನಾನು ತಪ್ಪು ಮಾಡಿದ್ದು ನನ್ನ ಸ್ವಂತ ಮಾವನ ರಿಟರ್ನಿನಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಅದು ನಾನೇ.

ಮಾವ ಅಂದರೆ ಅಮ್ಮನ ಅಣ್ಣ. ಮದುವೆ ಆದವರಲ್ಲ. ಸವಣೂರಿನ ಹತ್ತಿರದ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರಾಗಿದ್ದು ನಿವೃತ್ತರಾದವರು. ನನಗೆ ಮೂರು ವರ್ಷ ಇರುವಾಗ ಅಪ್ಪ ತೀರಿಕೊಂಡರು. ಹದಿಮೂರನೇ ದಿನ ಕಳೆದ ಮೇಲೆ ಮಾವ ತಮ್ಮ ಟ್ರಂಕು ಹಿಡಿದು ನಮ್ಮ ಮನೆಗೆ ಬಂದವರು, ಮತ್ತೆ ಹೋಗಲಿಲ್ಲ. ನಾವು ಅಳಿಯಕಟ್ಟಿನವರು. ನಮ್ಮಲ್ಲಿ ಗಂಡಸಿನ ಮನೆ ಅಂದರೆ ಅವನ ಅಕ್ಕತಂಗಿಯರ ಮನೆ. ಅವರ ಮಕ್ಕಳೇ ಅವನಿಗೆ ಮಕ್ಕಳು. ಕಾನೂನು ಆ ಕಟ್ಟನ್ನು ಯಾವತ್ತೋ ಬದಿಗಿಟ್ಟಾಗಿದೆ. ನಮ್ಮ ಮನೆಯೊಳಗೆ ಅದು ಈಗಲೂ ಉಂಟು.

ಅಮ್ಮನ ಆರೋಗ್ಯ ವಿಮೆಯ ಕಂತು ಕಟ್ಟುವುದು ಮಾವನೇ. ಅವರ ರಿಟರ್ನ್ ತುಂಬಿಸುವಾಗ 'ತಾನು ಮತ್ತು ಕುಟುಂಬ' ಎಂಬ ಜಾಗದಲ್ಲಿ ನಾನು ಆ ಕಂತನ್ನು ಹಾಕಿ, ತೆರಿಗೆಗೆ ಲೆಕ್ಕ ಹಿಡಿಯುವ ಆದಾಯದಲ್ಲಿ ಅಷ್ಟು ಕಡಿತ ತೆಗೆಯುತ್ತಿದ್ದೆ. ಒಂದಲ್ಲ, ಮೂರು ವರ್ಷ. ಯೋಚಿಸಲೂ ಇಲ್ಲ. ಅಮ್ಮ ಮಾವನ ಕುಟುಂಬ ಅಲ್ಲದೆ ಮತ್ತೆಂತ? "ಹೊಸ ತೆರಿಗೆ ಪದ್ಧತಿಗೆ ಹೋದರೆ ನಿಮಗೆ ಟ್ಯಾಕ್ಸ್ ಕಡಿಮೆ ಮಾವ" ಎಂದು ಎಷ್ಟು ಸಲ ಹೇಳಿದರೂ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದರಲ್ಲಿ ನಿನ್ನಮ್ಮನ ವಿಮೆ ಬರೆಯಲಿಕ್ಕೆ ಜಾಗ ಉಂಟಾ?" ಇಲ್ಲ ಎಂದರೆ, "ಹಾಗಾದ್ರೆ ಬೇಡ." ರಿಟರ್ನಿನ ಪ್ರತಿಯನ್ನು ಮನೆಗೆ ತಂದರೆ ಕೆಂಪು ಪೆನ್ನು ಹಿಡಿದು ಸಾಲು ಸಾಲಿಗೂ ಟಿಕ್ ಹಾಕುವರು. ಅಮ್ಮನ ಸಾಲಿಗೆ ಸ್ವಲ್ಪ ದೊಡ್ಡ ಟಿಕ್.

ಕಳೆದ ಡಿಸೆಂಬರಿನಲ್ಲಿ ಅವರ ಫೋನಿಗೆ ತೆರಿಗೆ ಇಲಾಖೆಯ ಮೆಸೇಜು ಬಂತು. ನೀವು ತೆಗೆದ ಕಡಿತಕ್ಕೆ ಅರ್ಹತೆ ಉಂಟೋ ನೋಡಿಕೊಳ್ಳಿ, ತಪ್ಪಿದ್ದರೆ ತಿಂಗಳ ಕೊನೆಯೊಳಗೆ ತಿದ್ದಿ, ಅಂತ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮಾವ ಜಗಲಿಯಲ್ಲಿ ಫೋನನ್ನು ಮಡಿಲಲ್ಲಿಟ್ಟು ಕೂತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಮರೆತರೂ ಕರೆದು ಟಿಕೆಟ್ ತೆಗೆಯುವ ಮನುಷ್ಯ.

"ನಾನು ಸುಳ್ಳು ಬರೆದಿದ್ದೇನಂತೆ" ಎಂದರು.

ನಿಯಮ ತೆಗೆದು ಓದಿದೆ. ಅಯ್ಯೋ ದೇವರೇ, ಎಷ್ಟು ಜನರಿಗೆ ಓದಿ ಹೇಳಿದ್ದೇನೆ ಅದನ್ನು! ಈ ಕಡಿತಕ್ಕೆ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು. ಬೇರೆಯಾಗಿ ತಂದೆತಾಯಿ. ತಂಗಿ ಇಲ್ಲ.

"ತಪ್ಪು ನಿಮ್ಮದಲ್ಲ ಮಾವ, ನನ್ನದು. ಆ ಕಡಿತ ಬಿಟ್ಟು ತಿದ್ದಿ ಕಳಿಸುವ. ಹಿಂದಿನ ಎರಡು ವರ್ಷದ್ದಕ್ಕೂ ಬಡ್ಡಿ ಸೇರಿಸಿ ಕಟ್ಟಿದರೆ ಮುಗೀತು."

"ಅಂದರೆ ನಿನ್ನಮ್ಮ ನನ್ನ ಕುಟುಂಬ ಅಲ್ಲ ಅಂತ ನಾನು ಬರೆದು ಕೊಡಬೇಕು."

"ಹಾಗಲ್ಲ ಮಾವ..."

"ಹಾಗೇ."

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಎಲ್ಲ ಕೇಳಿಸಿದೆ. "ನನ್ನಿಂದ ಅಣ್ಣನ ಮರ್ಯಾದೆ ಹೋಗುದಾದ್ರೆ ವಿಮೆಯೇ ಬೇಡ. ಜನವರಿಯದ್ದು ಕಟ್ಟುದು ಬೇಡ." ಅವಳಿಗೆ ಸಕ್ಕರೆ ಕಾಯಿಲೆ, ಹೃದಯಕ್ಕೆ ಸ್ಟೆಂಟ್ ಹಾಕಿ ಎರಡು ವರ್ಷ. ವಿಮೆ ಒಮ್ಮೆ ತಪ್ಪಿದರೆ ಈ ವಯಸ್ಸಿನಲ್ಲಿ ಹೊಸದು ಕೊಡುವವರು ಯಾರು? ನನಗೆ ತಲೆ ಕೆಟ್ಟುಹೋಯಿತು.

"ಸಾಕು ಮಾಡಿ ಇಬ್ಬರೂ!" ಎಂದು ಕಿರುಚಿದೆ. "ಇನ್ನು ಮೇಲೆ ನಾನು ಕಟ್ತೇನೆ. ಮಗಳು ತಾಯಿಗೆ ಕಟ್ಟಿದರೆ ಕಾನೂನಿನಲ್ಲಿ ಸರಿ ಉಂಟು. ಮಾವ ಕಟ್ಟುದೇ ಬೇಡ."

ಒಳ್ಳೆ ಉಪಾಯ ಹೇಳಿದೆ ಅಂತಲೇ ಅಂದುಕೊಂಡಿದ್ದೆ. ಮಾವ ಅರ್ಧ ಕುಡಿದ ಚಾದ ಗ್ಲಾಸು ಕೆಳಗಿಟ್ಟು ಒಳಗೆ ಹೋದರು.

ಮಾರನೇ ದಿನ ಆಫೀಸಿನಲ್ಲಿ ಅವರ ರಿಟರ್ನ್ ತಿದ್ದಿ ತಯಾರು ಮಾಡಿದೆ. ಕಳಿಸಬೇಕಾದರೆ ಅವರ ಫೋನಿಗೆ ಬರುವ ಒಟಿಪಿ ಬೇಕು. ಫೋನ್ ಮಾಡಿದರೆ, "ಕನ್ನಡಕ ಸಿಗುದಿಲ್ಲ" ಎಂದರು. ಮರುದಿನ, "ಚಾರ್ಜ್ ಇಲ್ಲ." ಅದರ ಮರುದಿನ ಎತ್ತಲೇ ಇಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಗಂಜಿ, ಉಪ್ಪಿನಕಾಯಿ ಮುಗಿಸಿ ಎದ್ದು ಹೋಗುವರು. ನಾಲ್ಕು ದಿನ ಹೋಯಿತು. ಹಟ ಹಿಡಿದ ಮಕ್ಕಳನ್ನು ಮೂವತ್ತು ವರ್ಷ ಪಳಗಿಸಿದವರು, ತಾವೇ ಹಟ ಹಿಡಿದರೆ ಕೇಳಬೇಕೇ!

ಐದನೇ ದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅಮ್ಮನಲ್ಲಿ ರೇಗಾಡಿದೆ. "ಉಪ್ಪು ತಿಂದವ ನೀರು ಕುಡಿಯಬೇಕು. ಕಡಿತ ತೆಗೆದದ್ದು ಹೌದಲ್ಲ? ಕಟ್ಟಲಿಕ್ಕೆ ಎಂತ ಇವರಿಗೆ?"

ಅಮ್ಮ ಕೊಡಪಾನ ಕೆಳಗಿಟ್ಟಳು. "ದುಡ್ಡಿನ ಬೇಸರ ಅಲ್ಲ ಅಣ್ಣನಿಗೆ. ನಿನಗೆ ಶಾಲೆಗೆ ಮೊದಲ ಛತ್ರಿ ತಂದದ್ದು ಯಾರು? ಕಾಲೇಜಿನ ಫೀಸು? ಅವರು ಒಂದು ದಿನವೂ ಲೆಕ್ಕ ಹೇಳಿದವರಲ್ಲ. ಈಗ ನೀನು ದುಡಿಯುವವಳಾಗಿ ಅವರ ಮುಖಕ್ಕೆ ಹೇಳಿದೆ, ನೀವು ಕಟ್ಟುದು ಬೇಡ ಅಂತ. ನಮಗೆ ಕೊಡುದು ನಿಂತ ದಿನ ಅವರು ಈ ಮನೆಯಲ್ಲಿ ನೆಂಟರು ಮಗಾ."

ಸರಕಾರದ ಮೆಸೇಜು ಅವರಿಗೆ ಅಷ್ಟು ನೋವು ಮಾಡಿರಲಿಲ್ಲ, ಮಾಡಿದ್ದು ನಾನು. ನಾಚಿಕೆಯಾಯಿತು, ಅಳುವೂ ಬಂತು.

ಆಫೀಸಿಗೆ ರಜೆ ಹಾಕಿದೆ. ಮಾವ ಜಗಲಿಯಲ್ಲಿ ಪೇಪರು ಹಿಡಿದು ಅದರಲ್ಲಿ ಅಚ್ಚಿನ ತಪ್ಪು ಹುಡುಕುತ್ತಿದ್ದರು. ಪಕ್ಕದಲ್ಲಿ ಕೂತೆ.

"ಮಾವ, ನಾನು ಹೇಳಿದ್ದು ತಪ್ಪಾಯ್ತು. ಅಮ್ಮನ ಕಂತು ನೀವೇ ಕಟ್ಟಬೇಕು. ಕಡಿತ ಮಾತ್ರ ಕೇಳುದು ಬೇಡ. 'ತಂಗಿ ನನ್ನ ಕುಟುಂಬ ಅಲ್ಲ' ಅಂತ ನೀವು ಎಲ್ಲಿಯೂ ಬರೆಯಲಿಕ್ಕಿಲ್ಲ. ಆ ಜಾಗ ಖಾಲಿ ಬಿಡುದು, ಅಷ್ಟೆ."

ಅವರು ಪೇಪರು ಮಡಚಿದರು. "ಖಾಲಿ ಬಿಟ್ಟರೆ ಸೊನ್ನೆ ಅಲ್ವಾ?"

"ಸೊನ್ನೆ ಅಂತ ಬರ್ತದೆ."

"ಹ್ಞೂಂ." ಮಡಚಿದ ಪೇಪರನ್ನು ಪಕ್ಕಕ್ಕಿಟ್ಟರು. "ಬರಲಿ. ಕಂತು ನಾನು ಕಟ್ಟುದಕ್ಕೆ ಸರಕಾರದ್ದು ಅಡ್ಡಿ ಇಲ್ಲ ತಾನೆ?"

"ಯಾರ ಅಡ್ಡಿಯೂ ಇಲ್ಲ. ನನ್ನದೂ ಇಲ್ಲ."

"ನಿನ್ನದು ಇತ್ತು ಮಾರಾಯ್ತಿ" ಎಂದು ಮೊದಲ ಸಲ ನಕ್ಕರು. ಅಂಗಿಯ ಜೇಬಿನಿಂದಲೇ ಫೋನ್ ತೆಗೆದರು, ಪೂರ್ತಿ ಚಾರ್ಜ್ ಇತ್ತು. ಕನ್ನಡಕವೂ ಮೂಗಿನ ಮೇಲೆಯೇ. ನಾನು ಲ್ಯಾಪ್‌ಟಾಪ್ ತಂದೆ. ಒಟಿಪಿಯ ಆರು ಅಂಕಿಗಳನ್ನು ಕ್ಲಾಸಿಗೆ ಉಕ್ತಲೇಖನ ಕೊಡುವ ಹಾಗೆ ಬಿಡಿಬಿಡಿಯಾಗಿ, ಎರಡೆರಡು ಸಲ ಹೇಳಿದರು.

"ಬರುವ ವರ್ಷದಿಂದ ಆ ಹೊಸ ಪದ್ಧತಿಯೇ ಆಗಲಿ" ಎಂದರು ಆಮೇಲೆ. "ಎರಡರಲ್ಲೂ ಅವಳಿಗೆ ಜಾಗ ಇಲ್ಲದ ಮೇಲೆ ಕಡಿಮೆಯದ್ದೇ ಕಟ್ಟುವ."

ರಿಟರ್ನಿನ ಪ್ರತಿಯನ್ನು ಕೈಗೆ ಕೊಟ್ಟಾಗ ಎಂದಿನ ಹಾಗೆ ಕೆಂಪು ಪೆನ್ನು ಬಂತು. ಸೊನ್ನೆಯ ಸಾಲಿಗೂ ಟಿಕ್ ಹಾಕಿದರು, ಅದೇ ದೊಡ್ಡ ಟಿಕ್.

ಜನವರಿಯಲ್ಲಿ ಅಮ್ಮನ ಕಂತು ಕಟ್ಟಿದ ರಶೀದಿ ನನ್ನ ಕೈಗೆ ಕೊಟ್ಟರು. ಆ ಹೊತ್ತು ಸರಿ ಕಂಡಿತು, ನಿಮಗೂ ಒಂದು ವಿಮೆ ಮಾಡಿಸಲಾ ಎಂದು ಕೇಳಿಯೇಬಿಟ್ಟೆ. ಮಾವನಿಗೆ ಸ್ವಂತ ವಿಮೆ ಇರಲಿಲ್ಲ. ನಾನು ಮಾಡಿಸುತ್ತೇನೆ ಎಂದಾಗಲೆಲ್ಲ, "ನಿನ್ನ ದುಡ್ಡು ನನಗೆಂತಕ್ಕೆ, ನನಗೆಂತ ಆಗ್ಲಿಕ್ಕುಂಟು" ಎಂದು ಓಡಿಸುತ್ತಿದ್ದರು. ಈ ಸಲ ಹಾಗೆ ಹೇಳಲಿಲ್ಲ. ರಶೀದಿಯತ್ತ ನೋಡಿ ಕೇಳಿದರು:

"ನೀನು ನನಗೆ ಕಟ್ಟಿದರೆ ನಿನಗೆ ಕಡಿತ ಸಿಗ್ತದಾ?"

"ಇಲ್ಲ ಮಾವ. ಸೋದರಮಾವನೂ ಕುಟುಂಬದಲ್ಲಿ ಬರುದಿಲ್ಲ."

"ಒಂದು ರೂಪಾಯಿಯದ್ದೂ?"

"ಒಂದು ರೂಪಾಯಿಯದ್ದೂ ಇಲ್ಲ. ನೀವು ಅಮ್ಮನಿಗೆ ಕಟ್ಟಿದ ಹಾಗೆಯೇ."

"ಹಾಗಾದ್ರೆ ಕಟ್ಟು" ಎಂದರು ಮಾವ.