ಮೋಸೇವಾಳ್ಳ ಮನೆಯ ಅಕ್ಕ

ಚಕ್ಕುಲಿ ಡಬ್ಬದ ತಳಕ್ಕೆ ಹಾಸಿದ್ದ ಕಾಗದ ಮೊನ್ನೆ ಕೈಗೆ ಬಂತು. ಹಳೇ ಎಣ್ಣೆಯ ಕಮಟು ವಾಸನೆ. ಬಿಡಿಸಿದರೆ ಪಕ್ಕದ ಮನೆ ಅಕ್ಕ ಕೈಮುಗಿದು ನಗುತ್ತಿದ್ದಳು, ಪಕ್ಕದಲ್ಲಿ ಹೊಲಿಗೆ ಮಿಷನ್ನಿನ ಗುರುತು. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಾಗ ಹಂಚಿದ ಪಾಂಪ್ಲೆಟ್ಟು. ಇಷ್ಟು ವರ್ಷ ಎಣ್ಣೆ ಕುಡಿದರೂ ಮುಖ ಚೆನ್ನಾಗಿಯೇ ಇತ್ತು. ನನ್ನ ಮುಖ ಆಧಾರ್ ಕಾರ್ಡಿನಲ್ಲಿ ಮೊದಲ ದಿನವೇ ಕೆಟ್ಟಿತ್ತು.

ಆಗ ನಾನು ಏಳನೇ ಕ್ಲಾಸು. ಕೈವಾರದ ಹತ್ತಿರ ನಮ್ಮೂರು. ಅಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಅಂತ ನನಗೆ ಗೊತ್ತಿತ್ತು, ಊರಿಗಿನ್ನೂ ಗೊತ್ತಾಗಿರಲಿಲ್ಲ. ಅಕ್ಕನ ಜಡೆ ಎಷ್ಟು ಉದ್ದವೆಂದರೆ, ಅವಳು ಬೀದಿ ತಿರುಗಿದ ಮೇಲೂ ಅದು ನಮ್ಮನೆ ಮುಂದೆ ಇನ್ನೂ ಹೋಗುತ್ತಲೇ ಇರುತ್ತಿತ್ತು. ನನ್ನದು ಇಲಿಬಾಲ. ಅದನ್ನು ಸಹಿಸಿಕೊಂಡೆ. ಆದರೆ ಅವಳು ಸ್ಕೂಟಿ ಕಲಿತು, ನಮ್ಮಜ್ಜಿಯನ್ನು ಹಿಂದೆ ಕೂರಿಸಿಕೊಂಡು ಚಿಂತಾಮಣಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳಲ್ಲ... ಅವತ್ತಿನಿಂದ ಮೊಸರಿನ ಕೆನೆ ನನ್ನ ತಟ್ಟೆಗೆ ಬೀಳುವುದು ನಿಂತಿತು, ಅಜ್ಜಿ ಅದನ್ನು ಅವಳಿಗೆ ಎತ್ತಿಡತೊಡಗಿದಳು.

"ಹುಡ್ಗಿ ಅಂದ್ರೆ ಅದು. ನೀನೂ ಇದೀಯ, ಒಂದ್ ಬಿಂದ್ಗೆ ನೀರ್ ತರಕ್ಕೆ ಒಂಬತ್ ಸಲ ಕೂಗ್ಬೇಕು," ಅನ್ನುತ್ತಿದ್ದಳು ಅಜ್ಜಿ. ಅಜ್ಜಿಗೆ ನಾನೊಬ್ಬಳೇ ಮೊಮ್ಮಗಳು. ಅದನ್ನೇ ಅವಳು ಮರೆತಿದ್ದಳು.

ಬಸ್ಸು ಕ್ರಾಸಿನಲ್ಲೇ ತಿರುಗಿ ಹೋಗದೆ ಊರೊಳಗೆ ಬರಬೇಕು ಅಂತ ಅಕ್ಕ ಎಲೆಕ್ಷನ್ನಿಗೆ ನಿಂತಳು. ಅಜ್ಜಿ ಮಂಡಿನೋವು ಮರೆತು ಅವಳ ಜೊತೆ ಮನೆಮನೆ ತಿರುಗಿದಳು. ನನ್ನ ಸ್ಕೂಲ್ ಡೇಗೆ ಬಾ ಅಂದಾಗ ಅದೇ ಮಂಡಿ ಎದ್ದೇ ಇರಲಿಲ್ಲ.

ಅಕ್ಕನ ಮನೆತನದ ಹೆಸರು ಮೋಸೇವಾಳ್ಳು. ನಮ್ಮ ಕಡೆ ಅರ್ಧ ಮಾತು ತೆಲುಗು. ತೆಲುಗಿನಲ್ಲಿ ಹಾಗೆಂದರೆ ಹೊರುವವರು. ರಸ್ತೆಯಿಲ್ಲದ ಕಾಲದಲ್ಲಿ ಅವರ ಮನೆಯ ಗಂಡಸರು ಕಾಯಿಲೆಯವರನ್ನು ಮಂಚದ ಸಮೇತ ಹೊತ್ತು ಆಸ್ಪತ್ರೆ ಮುಟ್ಟಿಸುತ್ತಿದ್ದರಂತೆ. ನಮ್ಮಪ್ಪ ಹೊಟ್ಟೆಯಲ್ಲಿದ್ದಾಗ ಅಜ್ಜಿಯನ್ನು ಹೊತ್ತವರೂ ಅವರೇ. ಇದಿಷ್ಟೂ ನನಗೆ ಗೊತ್ತಿತ್ತು.

ಹೊಸ ಲೇಔಟಿನವರಿಗೆ ಗೊತ್ತಿರಲಿಲ್ಲ. ಅವರು ತುಮಕೂರು ಕಡೆಯಿಂದ ಬಂದವರು, ತೆಲುಗು ಬಾರದು. ಒಂದು ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಅಲ್ಲಿಯ ಆಂಟಿಯೊಬ್ಬರು ನನ್ನನ್ನು ಕೇಳಿದರು.

"ಎಲೆಕ್ಷನ್ನಿಗೆ ನಿಂತಿರೋ ಆ ಹುಡ್ಗಿ ಯಾರ ಮನೆಯೋಳಮ್ಮ?"

"ಮೋಸೇ ಮನೆಯೋರು ಆಂಟಿ."

"ಏನು, ಮೋಸದೋರಾ?"

ಅಲ್ಲ ಅನ್ನಲು ಎಷ್ಟು ಹೊತ್ತು ಬೇಕಿತ್ತು... ನಾನು ಹುಬ್ಬು ಹಾರಿಸಿ, ಆ ಕಡೆ ಈ ಕಡೆ ನೋಡಿ, "ನಾನ್ ಹೇಳ್ದೆ ಅನ್ಬೇಡಿ ಆಂಟಿ," ಅಂದೆ.

ಸಂಜೆಯೊಳಗೆ ಅಕ್ಕನ ಮುತ್ತಾತ ನಾಲ್ಕು ಊರಿನ ಜಮೀನು ನುಂಗಿದ್ದ. ಮಾರನೇ ದಿನ ಒಂದು ಕೆರೆಯನ್ನೂ ನುಂಗಿದ. "ಹೆಸ್ರಲ್ಲೇ ಮೋಸ ಇಟ್ಕೊಂಡೋರಿಗೆ ಯಾರಪ್ಪ ಓಟ್ ಹಾಕ್ತಾರೆ?" ಅನ್ನುತ್ತಿದ್ದರು ಜನ. ಲೇಔಟಿನ ಓಟು ಒಂದೂ ಬರಲಿಲ್ಲ. ಅಕ್ಕ ಸೋತಳು.

ಡೇರಿಯ ಮಾತು ಅವಳ ಕಿವಿಗೂ ಬಿದ್ದಿತ್ತೋ ಏನೋ, ಎರಡು ದಿನ ಬಿಟ್ಟು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ನಿಂಗೆ ತೆಲುಗು ಬರ್ತದೆ ಅಲ್ವೇನಮ್ಮ?"

"ಬರಲ್ಲ ಅಕ್ಕ."

ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ, "ಎವರೇ ವಚ್ಚಿಂದಿ?" ಅಂತ ಕೂಗಿದಳು. ಯಾರೇ ಬಂದಿದ್ದು ಅಂತ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಪಕ್ಕಿಂಟಿ ಅಕ್ಕ ವಚ್ಚಿಂದವ್ವಾ!" ಅಂತ ಅಪ್ಪಟ ತೆಲುಗಿನಲ್ಲಿ ಕೂಗಿಬಿಟ್ಟಿತು.

ಅಕ್ಕ ನನ್ನನ್ನೇ ನೋಡಿದಳು. ಬೈದಿದ್ದರೆ ನಾನೂ ನಾಲ್ಕು ಮಾತು ಜೋಡಿಸುತ್ತಿದ್ದೆ. ಅವಳು ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮತ್ತೆ ನಮ್ಮನೆಗೆ ಬರಲಿಲ್ಲ. ಮುಂದಿನ ವರ್ಷ ಮದುವೆಯಾಗಿ ಗೌರಿಬಿದನೂರಿಗೆ ಹೋದಳು. ಕೆನೆ ಪೂರ್ತಿ ನನ್ನ ತಟ್ಟೆಗೇ ಬಂತು. ಅಜ್ಜಿ ಈಗಲೂ ಬಸ್ಸಿಗೆ ಕ್ರಾಸಿನವರೆಗೆ ನಡೆಯುತ್ತಾಳೆ, ದಾರಿಯಲ್ಲಿ ಎರಡು ಕಡೆ ಕೂತು. ಆ ಹುಡುಗಿ ಯಾಕೆ ಬರೋದು ಬಿಟ್ಟಳೋ ಅಂತ ಕೇಳುತ್ತಾಳೆ. ನಾನು ಫೋನ್ ನೋಡುತ್ತೇನೆ...

ನನಗೀಗ ಹದಿನೆಂಟು. ಪಂಚಾಯ್ತಿ ಆಫೀಸಿನ ಗೋಡೆಗೆ ಹೊಸ ಓಟರ್ ಲಿಸ್ಟ್ ಅಂಟಿಸಿದ್ದಾರೆ ಅಂತ ನಿನ್ನೆ ನೋಡಲು ಹೋಗಿದ್ದೆ. ನಮ್ಮನೆಯವರ ಸಾಲಿನಲ್ಲಿ ಕೊನೆಗೆ ನನ್ನ ಹೆಸರು ಸೇರಿತ್ತು. ಅದರ ಕೆಳಗೇ ಅವರ ಮನೆ. ಬೆರಳಿಟ್ಟು ಎರಡು ಸಲ ಓದಿದೆ. ಅವಳ ಅಪ್ಪ ಇದ್ದರು, ಅಮ್ಮ ಇದ್ದರು, ತಮ್ಮನೂ ಇದ್ದ.

ನನಗೆ ಓಟು ಬಂದಿದೆ. ಹಾಕೋಣವೆಂದರೆ ಅವಳಿಲ್ಲ.