ಫಳಫಳಕ್ಕ ಉಜ್ಜಿದ ತಗಡು

ಫ್ರಿಜ್ ರಿಪೇರಿ ಮಾಡುವ ಫಳಫಳಕ್ಕನ ಅಂಗಡಿಯಿಂದ ಯಾವ ವಸ್ತುವೂ ಮಂಕಾಗಿ ಹೊರಗೆ ಹೋದದ್ದಿಲ್ಲ. ಒಂದು ತಿರುಪು ಬಿಗಿಸಿಕೊಡಿ ಎಂದು ತಂದವರಿಗೂ ಮುಖ ಕಾಣುವಂತೆ ಉಜ್ಜಿಯೇ ಕೊಡುತ್ತಿದ್ದಳು. ಹೆಸರು ಬಂದದ್ದೇ ಹಾಗೆ.

ಹಾಗಾಗಿ, ಉಪಗ್ರಹ ಕಟ್ಟುವ ತಂಗಿಯ ಮಗಳು ಒಂದು ಅಲ್ಯುಮಿನಿಯಂ ತಗಡು ತಂದು, "ದೊಡ್ಡಮ್ಮ, ಮೂಲೆಗಳಲ್ಲಿ ತೂತು ಕೊರೆದುಕೊಡಿ, ಸಾಕು" ಎಂದು ಹೋದಾಗ, ಅದರ ಮೇಲೆ ಮಸಿಯಂತೆ ಮೆತ್ತಿದ್ದ ಕಪ್ಪು ಬಣ್ಣ ಕಂಡು ಅಕ್ಕನ ಕೈ ಸುಮ್ಮನಿರಲಿಲ್ಲ. ತೂತು ಕೊರೆದಳು, ಬಣ್ಣ ಕೆರೆದಳು, ಕನ್ನಡಿ ಮಾಡಿದಳು. ಮಾರನೆಯ ದಿನ ಟೀ ಫ್ಲಾಸ್ಕಿನ ಜೊತೆ ತಾನೇ ಹೊತ್ತುಕೊಂಡು ಲ್ಯಾಬಿಗೆ ಹೋದಳು. ಮಗಳು ಮೀಟಿಂಗಿನಲ್ಲಿದ್ದಳು. ಅಲ್ಲಿದ್ದ ಫಿಟ್ಟರ್ ತಗಡನ್ನು ಉಪಗ್ರಹದ ಪುಟ್ಟ ಕಂಪ್ಯೂಟರಿಗೆ ಜೋಡಿಸಿ, ಗಾಳಿ ಹೀರಿ ತೆಗೆಯುವ ದೊಡ್ಡ ಉಕ್ಕಿನ ಡಬ್ಬದೊಳಗಿಟ್ಟು ಬಾಗಿಲು ಹಾಕಿದ.

ಮಗಳು ಬಂದು ಪರದೆ ನೋಡಿದಳು. ಕಂಪ್ಯೂಟರಿನ ಬಿಸಿ ತೋರಿಸುವ ಗೆರೆ ಏರುತ್ತಲೇ ಇತ್ತು.

"ಅಯ್ಯೋ, ನಾಳೆಯೊಳಗೆ ಇದು ಪಾಸಾಗ್ಲಿಲ್ಲ ಅಂದ್ರೆ ರಾಕೆಟ್‌ನಲ್ಲಿ ನಮ್ಮ ಜಾಗ ಬೇರೆಯವರಿಗೆ ಹೋಗುತ್ತೆ!"

"ಒಂದು ಫ್ಯಾನ್ ಇಡೇ."

"ಒಳಗೆ ಗಾಳೀನೇ ಇಲ್ವಲ್ಲ ದೊಡ್ಡಮ್ಮ, ಫ್ಯಾನ್ ಏನನ್ನ ಬೀಸುತ್ತೆ? ಮೇಲೆ ಬಾಹ್ಯಾಕಾಶದಲ್ಲೂ ಹಾಗೇ."

"ಮೇಲೆ ಗಡಗಡ ಚಳಿ ಅಂತಾರಲ್ಲ?"

"ಚಳಿ ಇದೆ, ಬಿಸಿ ಹೊತ್ಕೊಂಡು ಹೋಗೋರಿಲ್ಲ. ಒಲೆ ಮುಂದೆ ಕೂತ್ರೆ ಕೆನ್ನೆಗೆ ಝಳ ಬಡಿಯುತ್ತಲ್ಲ, ಹಾಗೆ ಝಳವಾಗಿಯೇ ಹೋಗ್ಬೇಕು. ಕಪ್ಪು ಬಣ್ಣ ಝಳಾನ ಚೆನ್ನಾಗಿ ಹೊರಗೆ ಬಿಡುತ್ತೆ, ಅದಕ್ಕೇ ತಗಡಿಗೆ ಅದನ್ನ ಬಳಿದಿದ್ದು."

ಅಕ್ಕ ತೊಡೆಯ ಮೇಲಿದ್ದ ಫ್ಲಾಸ್ಕ್ ನೋಡಿದಳು. ಮುಚ್ಚಳ ಬಿಚ್ಚಿ ಒಳಗೆ ಇಣುಕಿದಳು.

"ಇದರೊಳಗೆ ಯಾಕೆ ಹೀಗೆ ಹೊಳೆಯುತ್ತೆ?"

"ಝಳ ಹೊರಗೆ ಹೋಗ್ಬಾರ್ದು ಅಂತ. ಗೋಡೆ ನಡುವೆ ಗಾಳೀನೂ ತೆಗೆದಿರ್ತಾರೆ."

"ಹಾಗಾದ್ರೆ ನಿನ್ನ ಕಂಪ್ಯೂಟರನ್ನ ನಾನು ಫ್ಲಾಸ್ಕಿನೊಳಗೆ ಕೂರಿಸಿದೀನಿ ಕಣೇ! ಚೆನ್ನಾಗಿ ಕಾಣಲಿ ಅಂತ ಬಣ್ಣ ಕೆರೆದುಬಿಟ್ಟೆ."

ಫಿಟ್ಟರ್ ತಲೆ ಕೆರೆದುಕೊಂಡ. "ನಾನೂ ನೋಡ್ದೆ. ಹೊಸ ಮಾಡೆಲ್ ಇರ್ಬೇಕು ಅಂದ್ಕೊಂಡೆ."

ಮಗಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಡಬ್ಬ ತೆಗೆಸಿದಳು. ಬಣ್ಣದ ಡಬ್ಬಿಗೆ ಅವಳು ಕೈ ಹಾಕುವಷ್ಟರಲ್ಲಿ ಅಕ್ಕ ಕಿತ್ತುಕೊಂಡಳು. ತನ್ನದೇ ಹೊಳಪನ್ನು ಮರಳು ಕಾಗದದಿಂದ ತಿಕ್ಕಿ ಒರಟು ಮಾಡುವಾಗ, ಪಾಪ, ಮುಖ ಕಿವುಚಿಕೊಂಡಳು. ಆದರೂ ಬಿಡದೆ ತೆಳ್ಳಗೆ, ಒಂದೇ ಸಮ ಕಪ್ಪು ಬಳಿದಳು.

ಮರುದಿನ ಗೆರೆ ಏರಿತು, ಏರಿತು, ಆಮೇಲೆ ದಣಿದವರಂತೆ ಅಡ್ಡ ಮಲಗಿತು. ಮಗಳು ಕುಣಿದಾಡಿದಳು. ಅಕ್ಕ ಮಾತ್ರ ಡಬ್ಬದ ಗಾಜಿನ ಕಿಂಡಿಗೆ ಮೂಗು ಒತ್ತಿ ನಿಂತಿದ್ದಳು.

"ಮೇಲೆ ಹೋದ್ಮೇಲೆ ಈ ಝಳ ಎಲ್ಲಿಗೆ ಹೋಗುತ್ತೆ?"

"ಹೋಗ್ತಾನೇ ಇರುತ್ತೆ ದೊಡ್ಡಮ್ಮ."

"ಎಲ್ಲಿವರೆಗೆ?"

"ಏನಾದ್ರೂ ಅಡ್ಡ ಬರೋವರೆಗೆ."

"ಅಬ್ಬಾ! ನನ್ನ ಬಣ್ಣ ದಾಟಿ ಅಷ್ಟು ದೂರ!" ಎಂದು ಅಕ್ಕ ಟೀ ಬಗ್ಗಿಸಿ ಮಗಳ ಮುಂದೆ ಹಿಡಿದಳು. "ಊದಿ ಕುಡಿಯೇ, ನಾಲಗೆ ಸುಟ್ಟೀತು. ಈ ಫ್ಲಾಸ್ಕಿನೊಳಗೆ ಕಪ್ಪು ಬಳಿದಿಲ್ಲ."