ಟೋಪಿ ಮೇಸ್ತ್ರಿಯ ಕೊನೆಯ ಚೀಟಿ

ಪೊಲೀಸ್ ಶಸ್ತ್ರಾಗಾರದ ಬಂದೂಕುಗಳನ್ನು ಮೂವತ್ತೊಂದು ವರ್ಷ ಶುಚಿ ಮಾಡಿದ ನಮ್ಮ ಗೆಳೆಯನನ್ನು ಎಲ್ಲರೂ ಟೋಪಿ ಮೇಸ್ತ್ರಿ ಎನ್ನುತ್ತಿದ್ದರು. ನಳಿಗೆಯೊಳಗೆ ಶುಚಿ ಮಾಡುವ ಸಲಾಕೆಯನ್ನು ಹಿಂದಿನಿಂದಲೇ ತೂರಿಸಬೇಕೆಂಬುದು ಅವನ ಹಟ. ಹಿಂದಿನಿಂದ ದಾರಿಯಿಲ್ಲದ ಹಳೆಯ ಬಂದೂಕುಗಳ ಬಾಯಿಗೆ ಮಾತ್ರ ಹಿತ್ತಾಳೆಯ ಪುಟ್ಟ ಟೋಪಿ ತೊಡಿಸಿ, ಅದರ ನಡುವಿನ ತೂತಿನಲ್ಲಿ ಸಲಾಕೆ ಇಳಿಸುತ್ತಿದ್ದ. ಉಕ್ಕಿನ ಸಲಾಕೆ ಬಾಯಂಚನ್ನು ಉಜ್ಜಿದರೆ ಗುಂಡು ಗುರಿ ತಪ್ಪುತ್ತದೆ.

“ಊರಿಗೆ ಟೋಪಿ ಹಾಕೋರನ್ನ ನಾವು ಹಿಡೀತೀವಿ, ನೀನು ನಮ್ಮೆದುರಿಗೇ ಹಾಕ್ತೀಯಲ್ಲೋ!” ಎಂದು ದಫೇದಾರ ನಗುತ್ತಿದ್ದ.

“ತಡಿ, ನಿನ್ನ ಬಾಯಿಗೂ ಒಂದು ಮಾಡಿಸ್ತೀನಿ.”

ಕೊನೆಯ ವರ್ಷ ಅವನ ಬಲಗೈ ನಡುಗತೊಡಗಿತು. ಅವನು ಚಹಾ ಚೆಲ್ಲಿದ್ದನ್ನು ಹೆಂಡತಿ ಕಂಡಳು.

“ಏನ್ರೀ ಇದು? ಡಾಕ್ಟರಿಗೆ ತೋರಿಸೋಣ.”

“ಲೋಟ ಸುಡ್ತಿತ್ತು ಕಣೇ.”

ವಿಷಯ ಹೊರಬಿದ್ದರೆ ಶಸ್ತ್ರಾಗಾರದ ಕೆಲಸದ ಮೇಜು ಕೈತಪ್ಪುತ್ತಿತ್ತು. ಆ ಮೇಜು, ಅದರ ಮೇಲೆ ಹಾಸಿದ ಹಳೆಯ ಕಂಬಳಿಯ ತುಂಡು, ಇವನ್ನು ಬಿಟ್ಟರೆ ತನಗೆ ಬೇರೆ ಬಾಳಿಲ್ಲವೆಂದು ಅವನು ನಂಬಿದ್ದ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಅದುಮಿ ಹಿಡಿದು ಕೆಲಸ ಸಾಗಿಸಿದ.

ಒಂದು ಬೆಳಿಗ್ಗೆ, ಹಳೆಯದೊಂದು ಬಂದೂಕು ಖಾಲಿಯೆಂದು ಎರಡು ಸಲ ನೋಡಿ, ಟೋಪಿ ತೊಡಿಸಿದ. ಟೋಪಿಯನ್ನು ಒತ್ತಿ ಹಿಡಿಯಬೇಕಾದ ಎಡಗೈ ಮಣಿಕಟ್ಟಿನ ಮೇಲಿತ್ತು. ಟೋಪಿ ಜಾರಿತು, ಸಲಾಕೆ ಅಂಚನ್ನು ಕೆರೆಯಿತು. ತಟ್ಟೆಯನ್ನು ಉಗುರಿನಿಂದ ಗೀರಿದಷ್ಟೇ ಸದ್ದು.

ಭೂತಗನ್ನಡಿ ಹಿಡಿದರಷ್ಟೇ ಕಾಣುವ ಗೀರು. ಎಂದಿನಂತೆ ಬಂದೂಕಿಗೆ ‘ಸರಿ ಇದೆ’ ಎಂಬ ಚೀಟಿ ಕಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ಚೀಟಿಯಲ್ಲಿ ಬರೆದ: ‘ಬಾಯಿ ಕೆಟ್ಟಿದೆ. ಕೆಡಿಸಿದ್ದು ನಾನು. ಯಾರಿಗೂ ಕೊಡಬೇಡಿ.’ ಅಂಕುಡೊಂಕಾದ ಅಕ್ಷರಗಳೇ ಉಳಿದದ್ದನ್ನು ಹೇಳುತ್ತಿದ್ದವು.

ಚೀಟಿ ಓದಿದ ದಫೇದಾರ ಈ ಸಲ ನಗಲಿಲ್ಲ. “ಹರಿದು ಹಾಕೋ ಮಹರಾಯ. ಯಾರು ನೋಡ್ತಾರೆ?”

“ನಾಳೆ ಇದನ್ನ ಹಿಡ್ಕೊಂಡು ನಿಲ್ಲೋನು ನೀನೇ. ಕಳ್ಳನಿಗೆ ಗುರಿ ಇಟ್ಟು, ಪಕ್ಕದಲ್ಲಿ ಹೋಗೋನಿಗೆ ಬಿದ್ದರೆ?”

ಮರುದಿನವೇ ಅವನನ್ನು ಗೇಟಿಗೆ ಹಾಕಿದರು, ಬಂದುಹೋಗುವವರ ಹೆಸರು ಬರೆಯಲು. ನಡುಗುವ ಕೈಗೆ ಬರೆಯುವ ಕೆಲಸ! ನಾಲ್ಕು ತಿಂಗಳಲ್ಲಿ ಹಾಸಿಗೆ ಹಿಡಿದ, ಐದನೆಯ ತಿಂಗಳು ಹೋದ.

ಕೊನೆಯ ದಿನ ಹೆಂಡತಿ ಆ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಕೂತಿದ್ದಳು.

“ಬಿಡೇ, ನಿನ್ನ ಕೈಯೂ ನಡುಗ್ತಿದೆ.”

“ನಡುಗಲಿ. ಚಹಾ ಚೆಲ್ಲಿದವತ್ತೇ ಹೇಳಿದ್ದಿದ್ರೆ ಅವತ್ತೇ ಹಿಡ್ಕೊಳ್ತಿದ್ದೆ.”